ಎರಡನೇ ಪಾಳಿಯ ದೆವ್ವ

ಆ ವರ್ಷದ ಶಾಲೆಯ ಗ್ಯಾದರಿಂಗಿಗೆ ನಾವು ಹತ್ತನೇ ಇಯತ್ತೆಯ ಹುಡುಗಿಯರು ದೆವ್ವದ ನಾಟಕ ಹಿಡಿದೆವು. ನನ್ನ ಗೆಳತಿ ಸುಗರಾ ದೆವ್ವ. ನಾನು ಪರದೆಯ ಹಿಂದಿನ ಸದ್ದು: ಗೂಬೆ, ನಾಯಿ, ಬೇಕೆಂದರೆ ಹೆಡ್ ಮಾಸ್ತರರ ಕೆಮ್ಮು.

ಸತ್ತ ತಾಯಿ ಕಾಳಿ ಹೊಳೆಯಿಂದೆದ್ದು ಮಗಳನ್ನು ಹುಡುಕಿ ಬರುವ ಕಥೆ. ಸುಗರಾಳ ತಾಯಿ ಚಾಂದಬಿ ತೀರಿ ಐದೇ ತಿಂಗಳಾಗಿತ್ತು.

"ಈ ಪಾರ್ಟು ನಿನಗ ಬ್ಯಾಡ ಬಿಡವಾ," ಎಂದರು ನಾಟಕ ಕಲಿಸುತ್ತಿದ್ದ ಶಿವಗಂಗವ್ವ ಅಕ್ಕೋರು.

"ಅಮ್ಮನ ಹಸರ ಸೀರಿ ಉಡ್ತೇನ್ರೀ. ಅಬ್ಬಾ ಕಡೀತನಕ ಕುಂತು ನೋಡಬೇಕು, ಅಷ್ಟ."

ಅದೇ ಕಷ್ಟವಿತ್ತು. ಮನೆಯಲ್ಲಿ ಅಮ್ಮನ ಮಾತು ಬಂದರೆ ಸಾಕು, ಅವಳ ಅಬ್ಬಾ ಹುಸೇನಸಾಬ ಎದ್ದು ಹೊರಗೆ ಹೋಗುತ್ತಿದ್ದರು. ಅಂದು ಅವರಿಗೆ ಮಿಲ್ಲಿನಲ್ಲಿ ಎರಡನೇ ಪಾಳಿ; ನಾಟಕಕ್ಕೂ ಊಟದ ಡಬ್ಬಿ ಹಿಡಿದೇ ಬಂದು, "ಪಾಳಿ ಭೋಂಗಾ ಆಗೂತನಕ ಕೂಡ್ತೇನಿ," ಎಂದು ಕಡೆಯ ಬೆಂಚು ಹಿಡಿದರು.

ಭಾಷಣಗಳು ಒಂದು ತಾಸು ತಿಂದವು. ಅಂತೂ ಹಸಿರು ಸೀರೆಯ ದೆವ್ವ ಬಂತು. ನಾನು ಊಳಿಡಬೇಕು. ದಾಂಡೇಲಿಯಲ್ಲಿ ಬೆಳೆದ ಗಂಟಲು. ಅದಕ್ಕೆ ಗೊತ್ತಿದ್ದ ಉದ್ದನೆಯ ಊಳು ಒಂದೇ. ಸಣ್ಣಗೆ ಎದ್ದು, ಏರಿ, ನಿಂತು, ಇಳಿಯಿತು. ಥೇಟ್ ಮಿಲ್ಲಿನ ಭೋಂಗಾ!

ಎರಡನೇ ಪಾಳಿಯ ಗಂಡಸರೆಲ್ಲ ದಡಕ್ಕನೆ ಎದ್ದರು.

"ನಡೀರಲೇ, ಲೇಟಾತು!"

ದೆವ್ವಕ್ಕೆ ಹೆದರಿ ಕೂಡ ಜನ ಹಾಗೆ ಓಡಲಿಕ್ಕಿಲ್ಲ. ಎಲ್ಲರಿಗಿಂತ ಮುಂದೆ ಹುಸೇನಸಾಬ. ನಾನು ಬಾಯಿ ಮುಚ್ಚಿಕೊಂಡೆ, ತಡವಾಗಿ.

ಸುಗರಾ ರಂಗದ ನಡುವೆ ಚಾಚಿದ ಕೈ ಚಾಚಿದಂತೆಯೇ ನಿಂತಿದ್ದಳು. ಅಪ್ಪ ಗೇಟಿನ ಹತ್ತಿರ. ಬೆಂಚಿನ ಮೇಲೆ ಡಬ್ಬಿ. ಅವಳು ನಾಟಕದ ಮಾತು ಬಿಟ್ಟು, ಸೊಂಟಕ್ಕೆ ಕೈ ಕೊಟ್ಟು ಕೂಗಿದಳು:

"ಅಜೀ! ಇವತ್ತೂ ಡಬ್ಬಿ ಬಿಟ್ಟ ಹೊಂಟ್ರೇನು?"

ಗಂಡ ಪಾಳಿಗೆ ಹೊರಟಾಗ ಓಣಿಯ ಕೊನೆಯತನಕ ದಿನಾ ಕೇಳುತ್ತಿದ್ದ ಚಾಂದಬಿಯ ಕೂಗು. ಊರನ್ನೆಲ್ಲ ಅಣಕಿಸುವ ನಾನು ಐದು ತಿಂಗಳಿಂದ ಮುಟ್ಟದಿದ್ದ ದನಿ ಅದೊಂದೇ.

ಹುಸೇನಸಾಬ ನಿಂತರು. ತಮ್ಮ ಬರಿಗೈ ನೋಡಿಕೊಂಡರು. ಮೆಲ್ಲಗೆ ತಿರುಗಿ ಬಂದು ಡಬ್ಬಿ ಎತ್ತಿಕೊಂಡರು.

"ಕೂಡ್ರಿ," ಎಂದಿತು ದೆವ್ವ. "ಮಗಳ ನಾಟಕ ಇನ್ನೂ ಮುಗದಿಲ್ಲ."

"ನಿಮ್ಮಮ್ಮನೂ ಹಿಂಗ ಬೈತಿದ್ದಳು ನೋಡು," ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿ, ನಗುತ್ತ, ಕಣ್ಣೊರೆಸುತ್ತ ಕುಳಿತರು.

ಊಳಿಟ್ಟದ್ದು ಪರದೆಯ ಹಿಂದಿನ ನಾನೆಂದು ತಿಳಿದು ಉಳಿದವರೂ ನಗುತ್ತ ಮರಳಿ ಕುಳಿತರು. ನಾಟಕ ಮುಂದುವರಿಯಿತು. ಹತ್ತೇ ನಿಮಿಷಕ್ಕೆ ನಿಜವಾದ ಭೋಂಗಾ ಊರೆಲ್ಲ ಮೊಳಗಿತು. ಪಕ್ಕದಲ್ಲಿ ಕುಳಿತಿದ್ದ, ಅದೇ ಪಾಳಿಯ ಮುದಕಪ್ಪ ಹುಸೇನಸಾಬರ ತೋಳು ಎಳೆದ.

"ಏಳ್ರಿ ಸಾಹೇಬ್ರ, ಆತು!"

ಹುಸೇನಸಾಬ ರಂಗದಿಂದ ಕಣ್ಣು ಕೀಳಲಿಲ್ಲ.

"ಸುಮ್ನ ಕೂಡಪಾ. ಅದು ಪರದೆ ಹಿಂದಿನ ಹುಡುಗಿ."