ಗಂಜಿ ಸವರಿದ ಸೆರಗು

ಗಾಂಜಾವನ್ನು ಯಾರಾದರೂ ನಶೆ ಎಂದರೆ ಇಳಕಲ್ಲಿನ ಕೈಮಗ್ಗದ ನೇಕಾರ ಸೋಮಲಿಂಗನಿಗೆ ಮೈಯೆಲ್ಲ ಉರಿಯುತ್ತಿತ್ತು. ನಶೆ ಮಾಡುವವರು ಸಾರಾಯಿ ಅಂಗಡಿಯ ಮುಂದೆ ಹೊರಳಾಡುವವರು. ತಾನಾದರೋ ಗಿಡಮೂಲಿಕೆ ಸೇವಿಸುವವನು. ಪರದೇಶದಲ್ಲಿ ಡಾಕ್ಟರರೇ ಇದನ್ನು ಬರೆದುಕೊಡುತ್ತಾರೆಂದು ಮೊಬೈಲಿನಲ್ಲಿ ನೋಡಿದಂದಿನಿಂದ ಅವನ ಹೊಗೆಗೆ ವಿದ್ವತ್ತೂ ಸೇರಿಕೊಂಡಿತ್ತು.

ಮಗಳು ಸುಶ್ಮಿತಾ ದವಾಖಾನೆಯಲ್ಲಿ ನರ್ಸು. ಜಾಗೃತಿ ಸಪ್ತಾಹದಲ್ಲಿ ಹಂಚಿ ಉಳಿದ ಕರಪತ್ರಗಳನ್ನು ತಂದು ಅಪ್ಪನ ಮಗ್ಗದ ಮೇಲಿಟ್ಟಳು.

“ಓದಪಾ. ನೆನಪು ಹೋಗತೈತಿ, ಮಾಡೂ ಕೆಲಸದ ಮ್ಯಾಲೆ ಲಕ್ಷ್ಯ ಇರೂದಿಲ್ಲ ಅಂತ ಬರದೈತಿ.”

“ಕಾಗದ ಭಾಳ ತೆಳ್ಳಗ ಐತಿ, ಛಲೋ ಐತಿ,” ಎಂದು ಮೆಚ್ಚಿದ ಸೋಮಲಿಂಗ, ಸಂಜೆಯೊಳಗೆ ಜಾಗೃತಿಯನ್ನು ಸುರುಳಿ ಸುತ್ತಿ ಸೇದಿ ಮುಗಿಸಿದ.

ಮಗಳ ನಿಶ್ಚಿತಾರ್ಥದ ಸೀರೆಯನ್ನು ತಾನೇ ನೇಯುವುದಾಗಿ ಓಣಿಗೆಲ್ಲ ಸಾರಿದ್ದ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಆ ಕೆಲಸಕ್ಕೆ ಕೂರುವ ಮುನ್ನ ಏಕಾಗ್ರತೆ ಬರಲೆಂದು ದಮ್ಮು ಎಳೆದ. ಏಕಾಗ್ರತೆಯೇನೋ ಬಂತು, ಆದರೆ ಅದು ಗೋಡೆಯ ಹಲ್ಲಿಯ ಮೇಲೆ ನೆಟ್ಟಿತು. ಅರ್ಧ ಎಳೆಗಳಿಗಷ್ಟೇ ಕೊಂಡಿ ಬಿತ್ತು. ಉಳಿದವನ್ನು ಸುಮ್ಮನೆ ಹೊಸೆದು, ಗಂಜಿ ಸವರಿ, ನೇಯ್ದುಬಿಟ್ಟ.

ನಿಶ್ಚಿತಾರ್ಥಕ್ಕೆ ಕೆರೂರಿನಿಂದ ಬೀಗರು ಬಂದರು. ವರನ ಹೆಸರು ದೀಪಕ. ಅವನ ತಂದೆ ಅಂದಾನಪ್ಪ ಮೊನ್ನೆ ಬಾದಾಮಿಯ ನಶೆಮುಕ್ತಿ ಜಾಥಾದಲ್ಲಿ ಬ್ಯಾನರು ಹಿಡಿದು ಎಲ್ಲರಿಗಿಂತ ಮುಂದೆ ನಡೆದವನು. ಸುಶ್ಮಿತಾ ಹಿರಿಯರ ಕಾಲಿಗೆರಗಿ ಎದ್ದು, ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಪರ್ರನೆ ಸದ್ದಾಯಿತು. ಅರ್ಧ ಸೆರಗು ಒಡಲನ್ನು ಬಿಟ್ಟು ನೇತಾಡಿತು.

“ನಿನ್ನ ಗಿಡಮೂಲಿಕಿಗೆ ಬೆಂಕಿ ಹಚ್ಚ!” ಸೋಮಲಿಂಗನ ಹೆಂಡತಿ ಬಾಳವ್ವ ಹಣೆ ಚಚ್ಚಿಕೊಂಡಳು.

“ದಿನಾ ಹಚ್ಚತಾನಲ್ಲಬೇ, ಅದ ತ್ರಾಸು,” ಎಂದಳು ಸುಶ್ಮಿತಾ.

ಅಂದಾನಪ್ಪ ದೊಡ್ಡ ಮನಸ್ಸಿನಿಂದ ನಕ್ಕ. “ಇರಲಿ ಬಿಡ್ರಿ ಬೀಗರ, ಸೀರಿ ಹೊಲಿಸಿದ್ರ ಆತು. ಇದೇನ್ ಕುಡದಂಗಲ್ಲ. ನಮ್ಮ ದೀಪಕನೂ ಒಂದೀಟು ಸೇದತಾನ. ಹುಡುಗ ಎಷ್ಟ ಶಾಂತ ಅದಾನ ನೋಡ್ರಿ!”

ಸೋಮಲಿಂಗನ ಎದೆಯುಬ್ಬಿತು. ಕೊನೆಗೂ ಒಬ್ಬ ತಿಳಿದ ಮನುಷ್ಯ ಸಿಕ್ಕ! ಅಭಿಮಾನದಿಂದ ಅಳಿಯನತ್ತ ತಿರುಗಿದ. ದೀಪಕ ಕೆಂಪು ಕಣ್ಣುಗಳನ್ನು ಅರೆಮುಚ್ಚಿ, ಕೈಯಲ್ಲಿದ್ದ ಉಂಗುರವನ್ನು ಯಾರ ಬೆರಳಿಗೆ ತೊಡಿಸಬೇಕೆಂಬುದನ್ನೇ ಮರೆತವನಂತೆ ಮುಗುಳ್ನಗುತ್ತಿದ್ದ.

ಸುಶ್ಮಿತಾ ಬೀಗರು ತಂದಿಟ್ಟ ತಟ್ಟೆಯ ತೆಂಗಿನಕಾಯಿಯನ್ನು ಎತ್ತಿ ಅಂದಾನಪ್ಪನ ಕೈಗೆ ಮರಳಿ ಇಟ್ಟಳು.

“ಇಂಥಾ ಶಾಂತ ಗಂಡಸು ನಮ್ಮ ಮನ್ಯಾಗ ಒಬ್ಬ ಅದಾನ್ರಿ. ನನಗ ಅಷ್ಟ ಸಾಕು.”

ಬೀಗರ ಗಾಡಿ ತಿರುಗಿ ಹೋದ ಮೇಲೆ ಸೋಮಲಿಂಗ ಸಮಾಧಾನಕ್ಕೆಂದು ಮಗ್ಗದ ಬಳಿ ಬಂದು ಕಾಗದಕ್ಕೆ ಕೈ ಹಾಕಿದ. ಮಗಳು ಹೊಸ ಕರಪತ್ರ ಇಟ್ಟಿದ್ದಳು. ಈ ಸಲ ದಪ್ಪ ರಟ್ಟಿನದು, ಸುತ್ತಲು ಬರುವಂತಿರಲಿಲ್ಲ. ಬೇರೆ ದಾರಿ ಕಾಣದೆ ಅವನು ಓದತೊಡಗಿದ.