ಕೊಟ್ಟಿಗೆ ನೀರಿಗೆ ನೋಟೀಸು

ನಾಲ್ಕನೇ ಬಾಳೆಯ ಒಣಗಿದ ಎಲೆಯನ್ನು ಕುಡುಗೋಲಿನಿಂದ ಕೊಯ್ದು ಕೆಳಗೆ ಬೀಳಿಸುವ ಹೊತ್ತಿಗೆ ಶ್ಯಾಮಣ್ಣನ ಬನಿಯನ್ನು ಬೆನ್ನಿಗೆ ಅಂಟಿಕೊಂಡಿತ್ತು. ಒಣಗಿದ್ದನ್ನು ಕೊಯ್ಯುತ್ತಾ ಹೋದರೆ ಉಳಿದದ್ದು ಹಸಿರಾಗಿ ಕಾಣುತ್ತದೆ ಅನ್ನುವುದು ಅವನ ಯೋಚನೆ. ಹತ್ತು ದಿನದಿಂದ ಹೀಗೇ ಕೊಯ್ಯುತ್ತಿದ್ದ. ಈಗ ಕೊಯ್ಯುವುದಕ್ಕೆ ಎಲೆಗಳೇ ಕಡಿಮೆಯಾಗುತ್ತಾ ಬಂದಿದ್ದವು.

ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿ ನಾಗಲಕ್ಷ್ಮಿ ತಲೆ ಎತ್ತದೆ ಹೇಳಿದಳು: "ಇನ್ನೆಲ್ಡು ದಿನ ಹಿಂಗೇ ಕೊಯ್ರಿ. ಆಮ್ಯಾಕೆ ದಿಂಡಿಗೆ ಹಸ್ರು ಪೇಂಟು ಬಳುದ್ಬುಟ್ರೆ ಆಯ್ತು."

"ಬಿಸ್ಲು ಕಣೆ. ಈ ವರ್ಸ ಬಿಸ್ಲು ಜಾಸ್ತಿ."

"ಬಿಸ್ಲು ನಮ್ ಕಾಂಪೌಂಡಿನೊಳಕ್ಕೇ ಬಿದ್ದಂಗದೆ. ಗೋಡೆ ಆ ಕಡೀಕೆ ನೋಡ್ರಿ ವಸಿ."

ಆ ಕಡೆ ನೋಡಲು ಶ್ಯಾಮಣ್ಣನಿಗೆ ಮನಸ್ಸಿರಲಿಲ್ಲ. ಅಲ್ಲಿ ಪಕ್ಕದ ಮನೆಯ ಗಂಗರತ್ನಮ್ಮನ ಸೀಮೆಹುಲ್ಲು ದಟ್ಟವಾಗಿ ಬೆಳೆದು, ಗಾಳಿ ಬಂದಾಗಲೆಲ್ಲ ಗೋಡೆಯ ಮೇಲಿಂದ ತಲೆ ಹಾಕಿ ಇವನ ತೋಟವನ್ನು ವಿಚಾರಿಸಿಕೊಳ್ಳುತ್ತಿತ್ತು.

ಶ್ಯಾಮಣ್ಣ ಗಡಿಯಾಚೆ, ತಮಿಳು ಸೀಮೆಗೆ ಸೇರಿದ ಬಾಗಲೂರು ಕಡೆಯವನು. ಮೂಕಂಡಪಲ್ಲಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟು ಎಣಿಸಿ ರಿಟೈರಾಗಿ, ಆಲಸನತ್ತಂ ದಾಟಿದರೆ ಸಿಗುವ ಸಿರಿನಗರ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದ. ಬಡಾವಣೆಯ ಸಂಘಕ್ಕೆ ಅವನೇ ಸೆಕ್ರೆಟರಿ. ಎಣಿಸಲು ಬೋಲ್ಟು ಇಲ್ಲದೆ ಕೈ ಕಡಿಯುತ್ತಿದ್ದುದರಿಂದ ರೂಲು ಮಾಡುತ್ತಿದ್ದ. ಕಾರು ಎಲ್ಲಿ ನಿಲ್ಲಬೇಕು, ರಂಗೋಲಿ ಎಷ್ಟಗಲ ಇರಬೇಕು, ನಾಯಿ ಯಾವ ಹೊತ್ತಿಗೆ ಬೊಗಳಬಹುದು, ಎಲ್ಲಕ್ಕೂ ಒಂದೊಂದು ನಂಬರಿನ ನೋಟೀಸಿತ್ತು.

ಅವನ ಹೆಮ್ಮೆ ಮಾತ್ರ ಹಿತ್ತಿಲ ತೋಟ. ಏಳು ಏಲಕ್ಕಿ ಬಾಳೆ, ಎರಡು ಪರಂಗಿ, ಒಂದು ಮಲ್ಲಿಗೆ ಚಪ್ಪರ. ಸಂಘದ ಪ್ರತಿ ಸಭೆಯಲ್ಲೂ ಎದ್ದು ನಿಂತು, "ಒಂಬತ್ತು ವರ್ಷದಿಂದ ಈ ತೋಟಕ್ಕೆ ಬೋರ್‌ವೆಲ್ ನೀರು ಒಂದು ಚೊಂಬೂ ಹಾಕಿದವನಲ್ಲ ನಾನು" ಅನ್ನುತ್ತಿದ್ದ. ಅದು ನಿಜವೇ. 'ನೀರು ಉಳಿಸಿದ ಮನೆ' ಎಂದು ಸಂಘ ಮೂರು ವರ್ಷ ಒಂದೇ ಸಮನೆ ಅವನಿಗೇ ಶೀಲ್ಡು ಕೊಟ್ಟಿತ್ತು. ಸ್ಕೂಲಿನವರು ಮಕ್ಕಳನ್ನು ಸಾಲಾಗಿ ಕರೆತಂದು ತೋಟ ತೋರಿಸುತ್ತಿದ್ದರು. ಮಾಳಿಗೆಯಿಂದ ಇಳಿದು ನೆಲದೊಳಕ್ಕೆ ಹೋಗುವ ಪೈಪು, ಅದರ ಬುಡಕ್ಕೆ ಮುಚ್ಚಿದ ಚಪ್ಪಡಿ, ಪಕ್ಕದಲ್ಲಿ 'ಮಳೈನೀರ್ ಸೇಗರಿಪ್ಪು', ಅಂದರೆ ಮಳೆನೀರು ಸಂಗ್ರಹ, ಎಂದು ತಮಿಳಲ್ಲಿ ಬರೆಸಿದ ಬೋರ್ಡು. ಶ್ಯಾಮಣ್ಣ ಪೈಪನ್ನು ಕರುವಿನಂತೆ ಸವರುತ್ತಾ, "ಆಕಾಶದ ನೀರನ್ನ ನೆಲದಾಗೆ ಬಚ್ಚಿಟ್ಟಿದ್ದೀನಿ ಮಕ್ಕಳೇ" ಅನ್ನುತ್ತಿದ್ದ. ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದು ನಂಬಿದ್ದ.

ಗೋಡೆಯ ಆ ಕಡೆಯ ಗಂಗರತ್ನಮ್ಮ ಬಡಾವಣೆಗಿಂತ ಮೊದಲಿನವಳು. ಸಂಘದ ಸಭೆ ನಡೆಯುವ ಜಾಗವೂ ಸೇರಿ ಅಷ್ಟೂ ನೆಲ ಒಂದು ಕಾಲಕ್ಕೆ ಆಕೆಯ ಮಾವನ ರಾಗಿ ಹೊಲ. ಮಾರಿ ಉಳಿದ ಮೂಲೆಯಲ್ಲಿ ಮಗ, ಸೊಸೆ ಭಾನು, ಎರಡು ಹಸು, ಹೆಂಚಿನ ಮನೆ. ನೆಲ ಆಕೆಯ ಕಡೆ ಎತ್ತರ, ಶ್ಯಾಮಣ್ಣನ ಕಡೆ ತಗ್ಗು. ಸೀಗೆಪುಡಿ ಕದಡಿದ ಬಚ್ಚಲು ನೀರು, ಬೂದಿಯಲ್ಲಿ ಪಾತ್ರೆ ಬೆಳಗಿದ ನೀರು, ಗಂಜಲ ಸಗಣಿ ಬೆರೆತ ಕೊಟ್ಟಿಗೆ ನೀರು, ಎಲ್ಲ ಗೋಡೆಯ ಬುಡದ ತೂತಿನಿಂದ ಇಳಿದು ಶ್ಯಾಮಣ್ಣನ ಬಾಳೆಗಳ ನಡುವೆ ಇಂಗಿಹೋಗುತ್ತಿತ್ತು. ಇಂಗುವುದು ಅವನಿಗೆ ಕಾಣುತ್ತಿರಲಿಲ್ಲ. ವಾಸನೆ ಮಾತ್ರ ಬರುತ್ತಿತ್ತು.

ಶಿವರಾತ್ರಿಯ ಹಿಂದೆಮುಂದೆ, ತೋಟ ನೋಡಲು ಬಂದ ಟೀಚರೊಬ್ಬಳು ಮೂಗಿಗೆ ಕರ್ಚೀಫು ಹಿಡಿದಳು. ಅಷ್ಟೇ ಸಾಕಾಯಿತು. ಏಳನೇ ನಂಬರಿನ ನೋಟೀಸು ಹುಟ್ಟಿತು: 'ಬಳಸಿದ ನೀರು ಯಾರ ಕಾಂಪೌಂಡಿನಿಂದಲೂ ಆಚೆ ಬರಕೂಡದು.' ಶ್ಯಾಮಣ್ಣ ಅದನ್ನು ತಾನೇ ಹೋಗಿ ಗಂಗರತ್ನಮ್ಮನ ಕೈಗೆ ಕೊಟ್ಟ. ಭಾನು ಓದಿ ಹೇಳಿದಳು. ಆಕೆ ಹಾಲು ಕರೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಆಗ್ಲಿ ಕಣಪ್ಪ. ಬರ್ದು ಕೊಟ್ಟಿದ್ದೀಯ. ಇನ್ ಮ್ಯಾಕೆ ಒಂದ್ ತೊಟ್ಟೂ ನಿನ್ ಕಡೀಕೆ ಬರಾಕಿಲ್ಲ."

ಬರಲಿಲ್ಲ. ಅತ್ತೆ ಸೊಸೆ ಸೇರಿ ತೂತಿಗೆ ಇಟ್ಟಿಗೆ ಕೊಟ್ಟು ಮಣ್ಣು ಮೆತ್ತಿದರು. ಬಚ್ಚಲ ಹಿಂದೆ ಎರಡು ಗುಂಡಿ ತೋಡಿ, ಒಂದಕ್ಕೆ ಜಲ್ಲಿ, ಇನ್ನೊಂದಕ್ಕೆ ಮರಳು ತುಂಬಿ, ಸುತ್ತ ಕೆಸುವಿನ ಗೆಡ್ಡೆ ನೆಟ್ಟರು. ಅಲ್ಲಿ ಸೋಸಿದ ನೀರು ದಂಟಿನ ಮಡಿಗೆ, ಅಲ್ಲಿಂದ ಸೀಮೆಹುಲ್ಲಿಗೆ. ಅದಕ್ಕೆ ಬೋರ್ಡು ಹಾಕಿಸಲಿಲ್ಲ.

ಯುಗಾದಿ ಕಳೆಯುವಷ್ಟರಲ್ಲಿ ಶ್ಯಾಮಣ್ಣನ ಬಾಳೆಗಳು ಕೈ ಇಳಿಬಿಟ್ಟವು.

"ಮಳೆನೀರಿನ ಪಿಟ್ಟಿನಾಗೆ ಏನೋ ಸಿಕ್ಕಾಕೊಂಡದೆ," ಎಂದು ಅವನು ಅಂದು ಬೆಳಿಗ್ಗೆ ಕುಡುಗೋಲು ಬಿಸಾಕಿ, ಹಾರೆ ತಂದು ಚಪ್ಪಡಿ ಎತ್ತಿದ. ನಾಗಲಕ್ಷ್ಮಿ ಬೆಳ್ಳುಳ್ಳಿ ಬಿಟ್ಟು ಎದ್ದು ಬಂದಳು. ಇಬ್ಬರೂ ಬಗ್ಗಿ ನೋಡಿದರು. ಪೈಪು ಒಂದು ಮೊಳ ಇಳಿದು ಕೆಂಪು ಗಟ್ಟಿ ನೆಲಕ್ಕೆ ಮೂಗು ಕೊಟ್ಟು ನಿಂತಿತ್ತು. ಗುಂಡಿಯೂ ಇಲ್ಲ, ಜಲ್ಲಿಯೂ ಇಲ್ಲ. ಗಾರೆ ಕೆಲಸದವನ ಒಂಟಿ ಚಪ್ಪಲಿ ಇತ್ತು. ಮನೆ ಕಟ್ಟುವಾಗ ಮೇಸ್ತ್ರಿ, "ಆಫೀಸಿಗೆ ಕೊಡೋ ಫೋಟೋಗೆ ತಾನೇ ಸಾರ್, ಇಷ್ಟು ಸಾಕು" ಅಂದದ್ದೂ, ತಾನು ತಲೆಯಾಡಿಸಿದ್ದೂ ಶ್ಯಾಮಣ್ಣನಿಗೆ ಒಂಬತ್ತು ವರ್ಷದ ಮೇಲೆ ನೆನಪಾಯಿತು.

"ಆಕಾಸ್ವ ಬಚ್ಚಿಟ್ಟಿದ್ದು ಇದ್ರಾಗೇನಾ?" ಎಂದಳು ನಾಗಲಕ್ಷ್ಮಿ.

"ಬಾಯ್ ಮುಚ್ಚೆ. ಯಾರಾರ ಕೇಳ್ಸ್ಕಂಡಾರು."

ಚಪ್ಪಡಿಯನ್ನು ಮೊದಲಿಗಿಂತ ಅಂದವಾಗಿ ಮುಚ್ಚಿದ.

ಮನೆಯ ಸ್ನಾನದ ನೀರನ್ನೇ ತೋಟಕ್ಕೆ ಬಿಡೋಣವೆಂದರೆ, ನೀರು ಉಳಿಸಿದ ಮನೆಯ ಬಚ್ಚಲು ನೀರೆಲ್ಲ ಟೈಲ್ಸಿನ ಅಡಿಯಿಂದ ನೇರವಾಗಿ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತಿತ್ತು. ಅದಕ್ಕೇ ಪ್ಲಾಸ್ಟಿಕ್ ಟಬ್ಬಿನೊಳಗೆ ಕುಕ್ಕರಗಾಲಲ್ಲಿ ಕೂತು ಸ್ನಾನ ಮಾಡತೊಡಗಿದ. ಮೊದಲ ದಿನ ಏಳಲಾರದೆ ಹೆಂಡತಿಯನ್ನು ಕೂಗಬೇಕಾಯಿತು. ಬಟ್ಟೆ ಮೆಷಿನ್ನಿನ ನೀರನ್ನೂ ಬಕೆಟ್ಟಿನಲ್ಲಿ ಹಿಡಿದು ಸುರಿದ. ಆ ಸೋಪಿನ ನೊರೆ ಕುಡಿದು ಪರಂಗಿ ಗಿಡಗಳೆರಡೂ ಎಲೆ ಮುದುರಿಕೊಂಡು ಸತ್ತವು. ಬೋರ್‌ವೆಲ್ ನೀರು ಬಿಡೋಣವೆಂದರೆ ಅದು ಬೀದಿಗೆಲ್ಲ ಸೇರಿದ್ದು, ಸರದಿಯಲ್ಲಿ ಬರುವುದು. ಅವನು ತೋಟಕ್ಕೆ ಪೈಪು ಎಳೆದರೆ ಎದುರು ಮನೆಯ ಮಂಗಮ್ಮ ಫೋಟೋ ತೆಗೆದು ಇಡೀ ಬಡಾವಣೆಗೆ ಕಳಿಸುವವಳೇ.

ಕೊನೆಗೆ ಗೋಡೆಯ ಹತ್ತಿರ ಹೋಗಿ ಕೆಮ್ಮಿದ. ಗಂಗರತ್ನಮ್ಮ ಹುಲ್ಲು ಕೊಯ್ಯುತ್ತಿದ್ದಳು.

"ಗಂಗಕ್ಕ, ಹುಲ್ಲು ಚೆನ್ನಾಗಿ ಬಂದದೆ."

"ಹೂಂ ಕಣಪ್ಪ. ನಿಮ್ ನೋಟೀಸಿನ ದಯ."

"ಅದೇ... ಒಸಿ ನೀರು ಈ ಕಡೀಕೂ ಬುಟ್ರೆ ಏನಾತದೆ ಅಂತ."

"ಯಾವ ನೀರು? ಗಬ್ಬು ನಾರೋ ನೀರಾ?" ಆಕೆ ಕುಡುಗೋಲು ನಿಲ್ಲಿಸಿದಳು. "ಬುಡಾಕೆ ನಂದೇನಪ್ಪ ಅಡ್ಡಿ. ಹುಲ್ಲು ಕುಡ್ದು ಮಿಕ್ಕಿದ್ನ ಬುಡ್ತೀನಿ. ಆದ್ರೆ ನೋಟೀಸು ಅಂಗೇ ಅದಲ್ಲ. ನಾನು ರೂಲು ಮುರ್ದೆ ಅಂತ ನಾಳೀಕೆ ಎಂಟನೇ ನಂಬರು ತಂದ್ಬುಟ್ರೆ?"

"ನಾನೇ ಸೆಕ್ರೆಟ್ರಿ ಅಲ್ವೇನಕ್ಕ. ನಾನ್ ಹೇಳ್ತಾ ಇದ್ದೀನಲ್ಲ."

"ನಿಲ್ಸು ಅಂತ ಬರ್ದು ಕೊಟ್ಟೆ. ಬುಡು ಅಂತಾನೂ ಬರಿ. ನೋಟೀಸು ವಾಪಸ್ ತಕ್ಕಳಾದು ಹೆಂಗೆ ಅಂತ ಅದ್ರ ಕೆಳಗೇ ಐತಂತೆ, ನಮ್ ಭಾನು ಓದಿದ್ಳು. ಕಾರಣ ಬರ್ದು ಅಧ್ಯಕ್ಷರಿಗೆ ಅಂಚೇಲಿ ಕಳಿಸ್ಬೇಕಂತೆ. ಅದು ಎಲ್ಲಾರ ಮುಂದೆ ಸಭೇಲಿ ಓದ್ಬೇಕಂತೆ."

ಅಷ್ಟೂ ಶ್ಯಾಮಣ್ಣನದೇ ರೂಲು. ಕೈಯಲ್ಲಿ ಕೊಟ್ಟರೆ ಕೊಟ್ಟೆ, ಕೊಟ್ಟಿಲ್ಲ ಎಂದು ಜಗಳವಾಗುತ್ತದೆಂದು ಎಲ್ಲ ಅರ್ಜಿಯೂ ಅಂಚೆಯಲ್ಲೇ ಬರಬೇಕೆಂದು ಕಾನೂನು ಮಾಡಿದ್ದ.

"ಕಾರಣ ಏನಂತ ಬರೀಲಕ್ಕ?"

"ನಡ್ದಿದ್ದು ಬರಿ," ಎಂದು ಗಂಗರತ್ನಮ್ಮ ಹುಲ್ಲಿನ ಹೊರೆ ಎತ್ತಿಕೊಂಡು ಹೋದಳು.

ನಡೆದದ್ದನ್ನು ಬರೆಯುವುದೇ ಕಷ್ಟ. ಶ್ಯಾಮಣ್ಣ ಹಾಳೆ ತೆಗೆದು ಮೊದಲ ಪತ್ರ ಬರೆದ: 'ಪರಿಸರದ ಹಿತದೃಷ್ಟಿಯಿಂದಲೂ, ಹಿರಿಯ ನಾಗರಿಕರ ಬಗೆಗಿನ ಅನುಕಂಪದಿಂದಲೂ, ಶ್ರೀಮತಿ ಗಂಗರತ್ನಮ್ಮನವರ ಬಳಸಿದ ನೀರಿಗೆ ನನ್ನ ತೋಟದಲ್ಲಿ ಸ್ಥಳಾವಕಾಶ ನೀಡಲು ಒಪ್ಪಿರುತ್ತೇನೆ.'

ನಾಗಲಕ್ಷ್ಮಿ ಓದಿ, "ಪಾಪ, ನೀರಿಗೆ ಮನೆ ಬಾಡಿಗೆಗೆ ಕೊಡ್ತಾ ಇದ್ದೀರಾ?" ಎಂದಳು. ಹರಿದು ಹಾಕಿದ.

ಎರಡನೆಯದರಲ್ಲಿ ಭೂಮಿಯ ತಾಪಮಾನದಿಂದ ಶುರುಮಾಡಿ ಎರಡು ಪುಟ ಹೋದ. ಗಂಗರತ್ನಮ್ಮನ ಹೆಸರು ಎಲ್ಲೂ ಬರಲಿಲ್ಲ. ಮೂರನೆಯದನ್ನು ಲಕೋಟೆಗೆ ಹಾಕಿ, ವಿಳಾಸ ಬರೆದು, ಫ್ರಿಜ್ಜಿನ ಮೇಲಿಟ್ಟ. ನಾಳೆ ಕಳಿಸಿದರಾಯಿತು ಅಂದುಕೊಂಡ. ಹೀಗೆ ಮೂರು ವಾರ ನಾಳೆಗಳು ಬಂದು ಹೋದವು. ಆ ನಾಳೆಗಳಲ್ಲಿ ಆರು ಬಾಳೆ ಸೊಂಟ ಮುರಿದುಕೊಂಡು ಬಿದ್ದವು. ಒಂದರ ಗೊನೆಯಲ್ಲಿ ಕಾಯಿಗಳು ಬೆರಳಷ್ಟೂ ಆಗಿರಲಿಲ್ಲ. ಆ ಗೊನೆಯನ್ನು ಶ್ಯಾಮಣ್ಣ ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದ. ಅವನು ಈ ಬಾಳೆಗಳ ಕಂದುಗಳನ್ನು ಬಾಗಲೂರಿನಿಂದ ಬಸ್ಸಿನಲ್ಲಿ, ಒದ್ದೆ ಗೋಣಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ತಂದಿದ್ದ. ಬಾಳೆಯ ಮೇಲಿನ ಪ್ರೀತಿಯಲ್ಲಿ ಮಾತ್ರ ಅವನು ಯಾರಿಗೂ ಮೋಸ ಮಾಡಿರಲಿಲ್ಲ.

ವಿಚಿತ್ರವೆಂದರೆ ಒಂದು ಮೂಲೆ ಉಳಿದುಕೊಂಡಿತು. ಮಲ್ಲಿಗೆ ಚಪ್ಪರ, ಅದರ ಪಕ್ಕದ ಏಳನೇ ಬಾಳೆ. ಗೊನೆ ತುಂಬಿಕೊಂಡು ಹಸಿರಾಗಿಯೇ ಇತ್ತು.

ಅಷ್ಟರಲ್ಲಿ ಸಂಘದ ಅಧ್ಯಕ್ಷ ಆವುಲಪ್ಪ ಈ ವರ್ಷದ ಶೀಲ್ಡಿಗಾಗಿ ತೋಟ ನೋಡಲು ಬಂದ. ಸತ್ತ ಬಾಳೆಗಳನ್ನು ದಾಟಿಕೊಂಡು ಬಂದು ಆ ಮೂಲೆಯಲ್ಲಿ ನಿಂತ.

"ಏನಯ್ಯಾ ಶ್ಯಾಮಣ್ಣ, ಎಲ್ಲಾ ಸುಟ್ಟೋಗದೆ. ಇದೊಂದು ಹೆಂಗಯ್ಯಾ ಹಿಂಗೆ?"

ಶ್ಯಾಮಣ್ಣನಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಅನ್ನುವ ಮಾತು ಅವನ ನಾಲಿಗೆಗೆ ರೂಢಿಯಿರಲಿಲ್ಲ. "ಅದಾ? ಪಿಟ್ಟಿನ ಊಟೆ ಆ ಮೂಲೇಗೆ ತಿರುಗೈತೆ. ಮಳೆನೀರು ಅಂದ್ರೆ ಹಂಗೆ, ಎಲ್ಲೆಲ್ಲೋ ಹರೀತದೆ."

"ನೋಡಪ್ಪ, ಬುದ್ವಂತಿಕೆ ಅಂದ್ರೆ ಇದು," ಎಂದು ಆವುಲಪ್ಪ ಫೋಟೋ ತೆಗೆದುಕೊಂಡ.

ಕಾಫಿ ತಂದ ನಾಗಲಕ್ಷ್ಮಿ ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಆವುಲಪ್ಪನ ಗಾಡಿ ತಿರುವು ದಾಟಿದ ಮೇಲೆ ಒಳಗೆ ಹೋಗಿ ಎರಡು ಪ್ಲಾಸ್ಟಿಕ್ ಬಿಂದಿಗೆ ತಂದು ಗಂಡನ ಕಾಲ ಬಳಿ ಕುಕ್ಕಿದಳು. ಒಳಗೆ ಸಗಣಿಯ ಕರೆ ಹಿಡಿದಿತ್ತು.

"ಇಗೋ ನಿಮ್ ಪಿಟ್ಟು. ಒಂದಲ್ಲ, ಎಲ್ಡು."

"ಏನಿದು?"

"ದಿನಾ ಮಧ್ಯಾನ ನೀವು ಗೊರಕೆ ಹೊಡಿಯೋವಾಗ ಗಂಗಕ್ಕನ ಕೊಟ್ಟಿಗೆಯಿಂದ ಹೊತ್ಕಂಬತ್ತಿದ್ದೀನಿ. ಮಲ್ಲಿಗೆ ಹೂವಿಗೆ ಅಂತ ಶುರು ಮಾಡ್ದೆ, ನಿಮ್ ಮಖ ನೋಡಿ ಬಾಳೇಗೂ ಒಂದು ಹಾಕ್ದೆ. ಆಯಮ್ಮ ಏನಂದ್ಳು ಗೊತ್ತಾ? ತೂತಿನಾಗೆ ಹೋದ್ರೆ ಸಂಗದ ವಿಷ್ಯ, ಬಿಂದಿಗೇಲಿ ಹೋದ್ರೆ ನೆರೆಮನೆ ವಿಷ್ಯ, ತಕಂಡೋಗವ್ವ ಅಂದ್ಳು. ನೀವ್ ನೋಡುದ್ರೆ ನನ್ ಮಂಡಿ ನೋವ್ಗೆ ಊಟೆ ಅಂತ ಹೆಸ್ರಿಟ್ರಿ!"

"ನಂಗ್ ಗೊತ್ತಿರ್ನಿಲ್ಲ ಕಣೆ."

"ಗೊತ್ತಿಲ್ಲ ಅಂತ ಅವ್ರ ಮುಂದೆ ಅನ್ಬೇಕಿತ್ತು. ನಾಳೆಯಿಂದ ನಾನ್ ಹೊರಾಕಿಲ್ಲ. ಚಪ್ಪಡಿ ಎತ್ತಿ ಚಪ್ಪಲೀನೇ ಕೇಳಿ, ನೀರು ಕೊಟ್ಟಾತು."

ಹೇಳಿದಂತೆಯೇ ಹೊರಲಿಲ್ಲ. ಮೊದಲ ದಿನ ಶ್ಯಾಮಣ್ಣ ತಾನೇ ಬಿಂದಿಗೆ ಹಿಡಿದು ಗೇಟಿನವರೆಗೆ ಹೋದ. ಎದುರು ಮನೆಯ ಮಂಗಮ್ಮ ಬಟ್ಟೆ ಒಣಗಿಹಾಕುತ್ತಾ ನಿಂತಿದ್ದಳು. ಬಿಂದಿಗೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ವಾಪಸ್ ಬಂದ. ಎರಡನೇ ದಿನ ಮಲ್ಲಿಗೆಯ ಮೊಗ್ಗು ಬಾಡಿ ಉದುರಿದವು. ಮೂರನೇ ದಿನ ಬೆಳಿಗ್ಗೆ ಏಳನೇ ಬಾಳೆಯ ಕೆಳಗಿನ ಎಲೆ ಹಳದಿಯಾಗಿ ಮಡಿಸಿಕೊಂಡಿತ್ತು. ಶ್ಯಾಮಣ್ಣ ಕುಡುಗೋಲು ತಂದ. ಕೊಯ್ಯಲು ಕೈ ಎತ್ತಿದವನು ಹಾಗೇ ನಿಂತ. ಆಮೇಲೆ ಒಳಗೆ ಹೋಗಿ ಫ್ರಿಜ್ಜಿನ ಮೇಲಿನ ಲಕೋಟೆ ತೆಗೆದು ಹರಿದು, ಊಟದ ಮೇಜಿನ ಮೇಲೆ ಹೊಸ ಹಾಳೆ ಇಟ್ಟುಕೊಂಡು ಕೂತ.

ಈ ಸಲ ಹತ್ತು ನಿಮಿಷ ಸಾಕಾಯಿತು.

'ಅಧ್ಯಕ್ಷರಿಗೆ. ಒಂಬತ್ತು ವರ್ಷದಿಂದ ನನ್ನ ತೋಟ ಬೆಳೆದದ್ದು ಪಕ್ಕದ ಮನೆಯ ಗಂಗರತ್ನಮ್ಮನವರ ಬಚ್ಚಲು ಮತ್ತು ಕೊಟ್ಟಿಗೆಯ ನೀರಿನಿಂದ. ನನ್ನ ಮನೆಯಲ್ಲಿ ಮಳೆನೀರಿನ ಗುಂಡಿ ಇಲ್ಲ, ಬೋರ್ಡು ಮಾತ್ರ ಇದೆ. ಮೊನ್ನೆ ತಾವು ನೋಡಿದ ಮೂಲೆ ಹಸಿರಾಗಿದ್ದದ್ದು ನನ್ನ ಹೆಂಡತಿ ನೀರು ಹೊತ್ತದ್ದರಿಂದ. ಏಳನೇ ನೋಟೀಸನ್ನು ವಾಪಸ್ ತೆಗೆದುಕೊಳ್ಳಬೇಕು. ಮೂರು ಶೀಲ್ಡುಗಳನ್ನು ಯಾರ ಮನೆಗೆ ತಲುಪಿಸಬೇಕೆಂದು ನನಗೆ ಗೊತ್ತಿದೆ, ಅಪ್ಪಣೆ ಕೊಡಬೇಕು.'

ನಾಗಲಕ್ಷ್ಮಿ ಓದಿದಳು. ಎರಡನೇ ಸಲವೂ ಓದಿದಳು. ತಮಾಷೆಗೆ ಏನೂ ಸಿಗಲಿಲ್ಲವೆಂದು ಕಾಣುತ್ತದೆ. "ಬಿಸ್ಲು ಏರಾಕೆ ಮುಂಚೆ ಹೋಗ್ಬನ್ನಿ," ಎಂದಷ್ಟೇ ಹೇಳಿದಳು.

ರೂಲಿನ ಪ್ರಕಾರ ಪತ್ರ ಸೆಕ್ರೆಟರಿಯ ಮೂಲಕ ಹೋಗಬೇಕಿತ್ತು. ಶ್ಯಾಮಣ್ಣ ಸಂಘದ ಸೀಲು ತೆಗೆದು ತನ್ನ ಪತ್ರದ ಮೇಲೆ ತಾನೇ ಒತ್ತಿ, 'ಪರಿಶೀಲಿಸಿದೆ, ಸರಿಯಾಗಿದೆ' ಎಂದು ಬರೆದು ಸಹಿ ಹಾಕಿದ.

ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟಿನ ಕಿಟಕಿಯ ಹುಡುಗಿ ಲಕೋಟೆಯ ಎರಡೂ ವಿಳಾಸ ನೋಡಿ ತಮಿಳಿನಲ್ಲಿ ಕೇಳಿದಳು: "ಇದು ನಿಮ್ಮದೇ ಬಡಾವಣೆ ತಾನೇ ಸಾರ್? ಎರಡು ಬೀದಿ ದೂರ. ನಡೆದು ಹೋಗಿ ಕೊಟ್ಟುಬಿಡಬಹುದಲ್ಲ?"

"ನಡ್ಕಂಡೋದ್ರೆ ದಾರೀಲಿ ಮನ್ಸು ಬದ್ಲಾತದಮ್ಮ," ಎಂದು ಶ್ಯಾಮಣ್ಣ ಕನ್ನಡದಲ್ಲೇ ಅಂದ. "ನೀನ್ ತಕ."

ಅವಳು ನಗುತ್ತಾ ಲಕೋಟೆಗೆ ಚೀಟಿ ಅಂಟಿಸಿ, ಠಪ್ಪನೆ ಮುದ್ರೆ ಹೊಡೆದು, ಹಿಂದಿದ್ದ ಚೀಲಕ್ಕೆ ಎಸೆದಳು.