ಖಾಲಿ ಕೊಳವೆಯ ಹಸಿರು

ನಮ್ಮ ಪ್ರಯೋಗಶಾಲೆ ನೆಲಮಾಳಿಗೆಯಲ್ಲಿತ್ತು. ಕಿಟಕಿಗಳು ಎರಡೇ, ಎರಡಕ್ಕೂ ಕಪ್ಪು ಬಣ್ಣ ಬಳಿದಿದ್ದರು, ಅನಿಲಗಳ ಬೆಳಕನ್ನು ಓದುವುದಕ್ಕೆ ಕತ್ತಲೆ ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮೆಟ್ಟಿಲಿಳಿದರೆ ಸಂಜೆ ಆರಕ್ಕೆ ಹತ್ತುತ್ತಿದ್ದೆ. ಮೇಲೆ ರಸ್ತೆಯಲ್ಲಿ ಕುದುರೆಗಾಡಿ ಹೋದಾಗ ಪಾದರಸದ ತಟ್ಟೆಯಲ್ಲಿ ಸಣ್ಣ ಅಲೆಗಳೇಳುತ್ತಿದ್ದವು. ಹೊರಗೆ ಲಂಡನ್ ಇದೆ ಎಂದು ತಿಳಿಯುತ್ತಿದ್ದುದು ಅದರಿಂದಲೇ.

ಚಳಿಗಾಲದಲ್ಲಿ ಅಲ್ಲಿನ ಕಲ್ಲುನೆಲದ ತಣ್ಪು ಬೂಟಿನೊಳಗೇ ಬರುತ್ತಿತ್ತು. ನಾನು ಸೇರಿದ ಎರಡನೆಯ ವಾರ, ನನ್ನ ಮೇಜಿನ ಕೆಳಗೆ ಉಣ್ಣೆಬಟ್ಟೆ ಸುತ್ತಿದ ಬಿಸಿ ಇಟ್ಟಿಗೆಯೊಂದು ಕಾಣಿಸಿತು. ಅದನ್ನಿಟ್ಟವನು ಅಮೋಸ್ ಟಿಬಲ್. ಗಾಜು ಊದುವುದು, ಪಂಪು ನೋಡಿಕೊಳ್ಳುವುದು, ಒಲೆ ಹೊತ್ತಿಸುವುದು ಎಲ್ಲ ಆತನದೇ. ಇಪ್ಪತ್ತೆಂಟು ವರ್ಷದಿಂದ ಅಲ್ಲಿದ್ದ. ನಾನು ಥ್ಯಾಂಕ್ಸ್ ಹೇಳಿದರೆ ಮುಖ ಗಂಟಿಕ್ಕಿದ.

"ಕಾಲು ಮರಗಟ್ಟಿದ್ರೆ ಕೈ ನಡುಗುತ್ತೆ ಮಿಸ್. ಕೈ ನಡುಗಿದ್ರೆ ನನ್ನ ಗಾಜು ಒಡಿಯುತ್ತೆ. ಇಟ್ಟಿಗೆ ನಿಮಗೋಸ್ಕರ ಅಲ್ಲ, ಗಾಜಿಗೋಸ್ಕರ."

ಪ್ರೊಫೆಸರ್ ಕಿನ್ಲಾಕ್ ಅವರಿಗೆ ಆಗ ಅರವತ್ತಮೂರು. ಗ್ರೀನಕ್ ಎಂಬ ಬಂದರೂರಿನ ಹಡಗು ಬಡಗಿಯ ಮಗ. ಎಲ್ಲರೂ ಉಸಿರಾಡುವ ಗಾಳಿಯೊಳಗೇ ಯಾರಿಗೂ ಗೊತ್ತಿಲ್ಲದೆ ಅಡಗಿದ್ದ ಎರಡು ಹೊಸ ಅನಿಲಗಳನ್ನು ಅವರು ನಡುವಯಸ್ಸಿನಲ್ಲಿ ಕಂಡುಹಿಡಿದಿದ್ದರು. ಗಾಳಿಯನ್ನು ತಣಿಸಿ ತಣಿಸಿ ದ್ರವವಾಗಿಸಿ, ಅದನ್ನು ನಿಧಾನವಾಗಿ ಕುದಿಯಲು ಬಿಟ್ಟು, ಕೊನೆಗೆ ತಳದಲ್ಲಿ ಉಳಿದದ್ದನ್ನು ಗಾಜಿನ ಕೊಳವೆಯಲ್ಲಿ ಹಿಡಿದಿಡಬೇಕು. ಅದರೊಳಗೆ ವಿದ್ಯುತ್ ಹರಿಸಿದರೆ ಕೊಳವೆ ಹೊಳೆಯುತ್ತದೆ. ಆ ಬೆಳಕನ್ನು ಪಟ್ಟಕದಲ್ಲಿ ಸೀಳಿ ನೋಡಿದರೆ ಒಂದೊಂದು ಧಾತುವಿಗೆ ಒಂದೊಂದು ಬಣ್ಣದ ಗೆರೆಗಳು. ಬೇರೆ ಯಾರದೂ ಅಲ್ಲದ ಗೆರೆ ಕಂಡರೆ ಅದು ಹೊಸ ಧಾತು.

ಹೆಣ್ಣುಮಕ್ಕಳನ್ನು ಆ ನೆಲಮಾಳಿಗೆಗೆ ಬಿಟ್ಟುಕೊಂಡವರು ನಮ್ಮ ಕಾಲೇಜಿನಲ್ಲಿ ಅವರೊಬ್ಬರೇ. ಅದರ ಬಗ್ಗೆ ಭಾಷಣ ಮಾಡಲಿಲ್ಲ. ತಮ್ಮ ಟೋಪಿಯ ಗೂಟದ ಪಕ್ಕ ಎರಡನೆಯ ಗೂಟ ಹೊಡೆಸಿ, "ಮಿಸ್ ಪೆಥರಿಕ್, ಟೋಪಿ ಇಲ್ಲಿ ತೂಗುಹಾಕಿ," ಎಂದರು, ಅಷ್ಟೆ.

ಅವರ ನಿಯಮ ಒಂದಿತ್ತು. ಕೊಳವೆಗೆ ಅನಿಲ ಬಿಡುವ ಮೊದಲು, ಪಾದರಸದ ಪಂಪಿನಿಂದ ಗಾಳಿಯನ್ನೆಲ್ಲ ಎಳೆದು, ಖಾಲಿ ಕೊಳವೆಗೇ ವಿದ್ಯುತ್ ಹರಿಸಿ ನೋಡಬೇಕು. ಏನೂ ಕಾಣದಿದ್ದರೆ ಪುಸ್ತಕದಲ್ಲಿ 'ಖಾಲಿ: ಏನೂ ಇಲ್ಲ' ಎಂದು ಬರೆಯಬೇಕು. ಆ ಕೆಲಸ ನನ್ನದು. ಮೊದಲ ವರ್ಷ ನಾನು ಅದನ್ನು ಪ್ರಾರ್ಥನೆಯಷ್ಟು ಶ್ರದ್ಧೆಯಿಂದ ಮಾಡಿದೆ. ಆದರೆ ಏನೂ ಇಲ್ಲದ್ದನ್ನು ಮುನ್ನೂರು ಸಲ ನೋಡಿದ ಮೇಲೆ, ಮನುಷ್ಯ ನೋಡುವುದನ್ನು ಬಿಟ್ಟು ಬರೆಯಲು ಶುರುಮಾಡುತ್ತಾನೆ.

ನನ್ನ ಎರಡನೆಯ ವರ್ಷದ ಆಗಸ್ಟಿನಲ್ಲಿ ಅವರಿಗೆ ಮೂರನೆಯ ಅನಿಲ ಸಿಕ್ಕಿತು. ಉಳಿದೆಲ್ಲ ಆವಿಯಾದ ಮೇಲೂ ತಳಕ್ಕೆ ಅಂಟಿಕೊಂಡಿದ್ದ ಚೂರಿನಿಂದ ಬಂದದ್ದು. ಹಸಿರು ಪಟ್ಟೆಗಳು, ಎಳೆಯ ಬಟಾಣಿ ಸಿಪ್ಪೆಯ ಹಸಿರು. ನನಗೆ ಸ್ವಲ್ಪ ಗ್ರೀಕ್ ಬರುತ್ತಿತ್ತು. ಹೆಸರು ಹುಡುಕಿ ಎಂದರು. ಕಟ್ಟಿಹಾಕಿದ್ದು ಎಂಬ ಅರ್ಥದಲ್ಲಿ 'ಡೆಸ್ಮಾನ್' ಎಂದೆ. ಅದೇ ಪತ್ರಿಕೆಗಳಲ್ಲಿ ಬಂತು.

ಸೆಪ್ಟೆಂಬರಿನಲ್ಲಿ ಜರ್ಮನಿಯ ಒಬ್ಬರು ಬರೆದರು: ಇದು ಇಂಗಾಲದ ಕಸ ಇರಬಹುದು, ಅದಕ್ಕೂ ಇಂಥದೇ ಹಸಿರು ಪಟ್ಟೆಗಳಿವೆ. ಕಿನ್ಲಾಕ್ ಉತ್ತರ ಅಚ್ಚು ಹಾಕಿಸಿದರು: ಪ್ರತಿ ಸಲವೂ ಖಾಲಿ ಕೊಳವೆಯನ್ನು ಮಿಸ್ ಲವೀನಿಯಾ ಪೆಥರಿಕ್ ಅವರು ಪರೀಕ್ಷಿಸಿದ್ದಾರೆ, ಏನೂ ಕಂಡಿಲ್ಲ, ಅವರ ಕಣ್ಣಿನ ಮೇಲೆ ನನಗೆ ನನ್ನ ಕಣ್ಣಿಗಿಂತ ಹೆಚ್ಚು ನಂಬಿಕೆ. ನನ್ನ ಹೆಸರು ಅಚ್ಚಾದದ್ದು ಅದೇ ಮೊದಲು. ಡೆವನ್ನಿನ ಸಣ್ಣ ರೈಲು ನಿಲ್ದಾಣದಲ್ಲಿ ಮಾಸ್ತರಾಗಿದ್ದ ಅಪ್ಪ ಆ ಹಾಳೆ ಕತ್ತರಿಸಿ, ಟಿಕೆಟ್ ಕಿಟಕಿಯ ಪಕ್ಕದಲ್ಲಿ ಅಂಟಿಸಿದರಂತೆ. ಅದನ್ನೇ ನೋಡಿ ಉತ್ತರದ ಒಂದು ಹೆಣ್ಣುಮಕ್ಕಳ ಕಾಲೇಜಿನವರು ನನಗೆ ಪತ್ರ ಬರೆದರು. ಜನವರಿಯಿಂದ ಅಲ್ಲಿ ನನ್ನದೇ ಪ್ರಯೋಗಶಾಲೆ. ತೋಟದ ಕಡೆಗೆ ಆರು ಕಿಟಕಿಗಳಿವೆ ಎಂದು ಅವರೇ ಬರೆದಿದ್ದರು. ಆ ಪತ್ರವನ್ನು ರವಿಕೆಯ ಒಳಗಿಟ್ಟುಕೊಂಡು ಓಡಾಡುತ್ತಿದ್ದೆ.

ನವೆಂಬರಿನ ಒಂದು ಗುರುವಾರ ಕಿನ್ಲಾಕ್ ಅವರು ವಿದ್ವಾಂಸರ ಸಭೆಯಲ್ಲಿ ಡೆಸ್ಮಾನ್ ಹೊಳೆಯುವುದನ್ನು ತೋರಿಸುವುದೆಂದು ನಿಶ್ಚಯವಾಯಿತು. ಮಂಗಳವಾರ ಮಧ್ಯಾಹ್ನ ನಾನು ಹೊಸ ಕೊಳವೆ ಸಿದ್ಧಮಾಡುತ್ತಿದ್ದೆ. ದಟ್ಟ ಮಂಜು, ಮೆಟ್ಟಿಲಿನ ಮೇಲೂ ದೀಪ ಹಚ್ಚಿದ್ದರು. ಸಭೆಯಲ್ಲಿ ತೋರಿಸುವ ಕೊಳವೆಯಲ್ಲವೇ ಎಂದು, ಎಷ್ಟೋ ತಿಂಗಳ ಮೇಲೆ, ಖಾಲಿ ಕೊಳವೆಯನ್ನು ನಿಜವಾಗಿ ನೋಡಿದೆ.

ಅದರೊಳಗೆ ಹಸಿರು ಇತ್ತು.

ತೆಳುವಾಗಿತ್ತು, ಆದರೆ ಅದೇ ಹಸಿರು, ಅದೇ ಜಾಗದಲ್ಲಿ. ಕೊಳವೆ ಬಿಚ್ಚಿ, ತೊಳೆದು, ಕಾಯಿಸಿ, ಮತ್ತೆ ಗಾಳಿ ಎಳೆದೆ. ಮೂರು ಸಲ. ಮೂರು ಸಲವೂ ನಾನು ಹೆಸರಿಟ್ಟ ಧಾತು ಏನೂ ಇಲ್ಲದ ಕೊಳವೆಯಲ್ಲಿ ಹೊಳೆಯಿತು. ಆಮೇಲೆ ಕೈಗೆ ತಿಳಿಯಿತು, ಕಣ್ಣಿಗಲ್ಲ: ಪಂಪಿನ ಗಾಜಿನ ನಲ್ಲಿಗಳು ತೀರಾ ಹಗುರಾಗಿ ತಿರುಗುತ್ತಿದ್ದವು.

ಟಿಬಲ್ ಅನಿಲದ ಒಲೆಯ ಮೇಲೆ ಬ್ರೆಡ್ಡು ಸುಡುತ್ತಿದ್ದ.

"ಟಿಬಲ್, ನಲ್ಲಿಗಳಿಗೆ ಏನು ಹಚ್ಚಿದೀರಿ?"

"ಯಾಕೆ, ಸೋರ್ತಿದ್ಯಾ?"

"ಸೋರ್ತಿಲ್ಲ. ತುಂಬ ಸಲೀಸಾಗಿ ತಿರುಗ್ತಿವೆ."

"ಮಿಸ್ಸು ದೂರು ಹೇಳೋದೇ ವಿಚಿತ್ರ. ಬಿಗಿಯಾಗಿದ್ರೆ ಒಂದು, ಸಲೀಸಾದ್ರೆ ಇನ್ನೊಂದು." ಬ್ರೆಡ್ಡು ಮಗುಚಿ ಹಾಕಿ ದನಿ ತಗ್ಗಿಸಿದ. "ಯಜಮಾನ್ರಿಗೆ ಹೇಳಬೇಡಿ. ಅವರ ಬೆರಳು ನೋಡಿದೀರಲ್ಲ, ಶುಂಠಿ ಗೆಡ್ಡೆ ಆಗಿವೆ. ಬೇಸಿಗೇಲಿ ಒಂದಿನ ನಲ್ಲಿ ತಿರುಗಿಸೋಕೆ ಹೋಗಿ, ಆಗ್ದೆ, ಗೋಡೆ ಕಡೆ ಮುಖ ಮಾಡ್ಕೊಂಡು ನಿಂತ್ಬಿಟ್ರು. ನಾನು ನೋಡಿಲ್ಲ ಅನ್ಕೊಂಡ್ರು, ಪಾಪ. ಮಾರನೇ ದಿನ ಆ ಹಳೇ ಗಟ್ಟಿ ಗ್ರೀಸ್ ಕೆರೆದು ತೆಗೆದು ವ್ಯಾಸಲೀನ್ ಹಾಕ್ದೆ, ಒಂಚೂರು ಎಣ್ಣೆ ಸೇರ್ಸಿ. ನನ್ನ ಹೆಂಡ್ತಿ ಹೊಲಿಗೆ ಮೆಷಿನ್ನಿಗೆ ಹಾಕೋದೂ ಅದನ್ನೇ."

"ಯಾವ ತಿಂಗಳು?"

"ಜುಲೈ. ಯಾಕ್ ಮಿಸ್? ಆ ಡಬ್ಬಿಗೂ ಒಂದು ದೊಡ್ಡ ಹೆಸರಿಡ್ತೀರಾ?"

ನಾನು ನಗಲಿಲ್ಲ. ಎಣ್ಣೆಯ ಆವಿ ಪಂಪಿನೊಳಗೆ ಹೋಗಿ, ವಿದ್ಯುತ್ತಿಗೆ ಸಿಕ್ಕಿ ಒಡೆದು, ಇಂಗಾಲದ ಹಸಿರು ಕೊಡುತ್ತಿದೆ. ಜುಲೈನಲ್ಲಿ ಗ್ರೀಸ್, ಆಗಸ್ಟಿನಲ್ಲಿ ಧಾತು. ಜರ್ಮನ್ ಮನುಷ್ಯ ಹೇಳಿದ್ದೇ ಸರಿ. ಹಸಿರು ಮೊದಲು ಕಂಡ ಆಗಸ್ಟ್ ಇಪ್ಪತ್ತೆರಡರಂದು ನಾನು ಖಾಲಿ ಕೊಳವೆಯನ್ನು ನೋಡಿದ್ದರೆ ಅಂದೇ ತಿಳಿಯುತ್ತಿತ್ತು. ಅಂದು ಗೆಳತಿಯ ಜೊತೆ ನದೀತೀರಕ್ಕೆ ಹೋಗುವ ಆತುರದಲ್ಲಿ ನೋಡದೆ ಬರೆದಿದ್ದೆ.

ಆ ಸಂಜೆ ಬಾಡಿಗೆ ಕೋಣೆಯಲ್ಲಿ ಕೂತು ಮನಸ್ಸಿನಲ್ಲೇ ಎಲ್ಲ ಬಾಗಿಲುಗಳನ್ನೂ ತಳ್ಳಿ ನೋಡಿದೆ. ಸುಮ್ಮನಿದ್ದರೆ ಗುರುವಾರ ಅವರು ಎಲ್ಲರೆದುರು ಎಣ್ಣೆಯನ್ನು ಧಾತುವೆಂದು ತೋರಿಸುತ್ತಾರೆ. ಇಂದಲ್ಲ ನಾಳೆ ಯಾರೋ ಅದನ್ನು ಬಯಲು ಮಾಡುತ್ತಾರೆ, ಆಗ ಅವರ ಮೊದಲ ಎರಡು ಅನಿಲಗಳನ್ನೂ ಜನ ಅನುಮಾನಿಸುತ್ತಾರೆ. ಹೇಳಿದರೆ ಟಿಬಲ್‌ನ ಇಷ್ಟು ವರ್ಷಗಳ ಕೆಲಸ ಹೋಗುತ್ತದೆ; ಕಾಲೇಜಿನವರು ಆತನನ್ನು ಉಳಿಸುವುದಿಲ್ಲ. ನನ್ನ ಹೆಸರು, ಆರು ಕಿಟಕಿಗಳು, ಅಪ್ಪನ ಟಿಕೆಟ್ ಕಿಟಕಿ, ಅವೂ ಹೋಗುತ್ತವೆ. ನನ್ನ ಹೆಸರನ್ನು ನಾನು ಕೊನೆಯಲ್ಲಿ ಎಣಿಸಿದೆ ಎಂದು ಹೇಳಿಕೊಳ್ಳಲಾರೆ. ಮೊದಲು ಎಣಿಸಿದ್ದು ಅದನ್ನೇ.

ಬುಧವಾರ ಬೆಳಿಗ್ಗೆ ಟಿಬಲ್ ಕಲ್ಲಿದ್ದಲು ತರಲು ಹೋದಾಗ ಹೇಳಿದೆ. ಕಿನ್ಲಾಕ್ ಅವರು ಮೇಜಿನ ಬಳಿ ನಿಂತು ಭಾಷಣದ ಹಾಳೆಗಳನ್ನು ಜೋಡಿಸುತ್ತಿದ್ದರು.

"ಸರ್, ಖಾಲಿ ಕೊಳವೆಯಲ್ಲಿ ಹಸಿರು ಇದೆ."

"ಕೊಳವೆ ತೊಳೆದಿರಲ್ಲವೇ?"

"ಮೂರು ಸಲ ಸರ್."

"ಆಗಸ್ಟಿನಲ್ಲಿ ಇರಲಿಲ್ಲ. ನಿಮ್ಮದೇ ಬರಹ ಇದೆ."

"ಆವತ್ತು ನಾನು ನೋಡಿರಲಿಲ್ಲ. ನೋಡದೆ ಬರೆದೆ."

ಅವರು ದೀಪ ಆರಿಸಿ, ಖಾಲಿ ಕೊಳವೆಗೆ ವಿದ್ಯುತ್ ಹರಿಸಿದರು. ಕಣ್ಣನ್ನು ಕನ್ನಡಕದ ಸಮೇತ ಪಟ್ಟಕದ ದರ್ಶಕಕ್ಕೆ ಒತ್ತಿ ಬಹಳ ಹೊತ್ತು ನೋಡಿದರು. ಕತ್ತಲಲ್ಲಿ ಅವರ ಉಸಿರು ಕೇಳಿಸುತ್ತಿತ್ತು. ಆಮೇಲೆ ಕೈ ಚಾಚಿ ಪಂಪಿನ ನಲ್ಲಿಯೊಂದನ್ನು ಹುಡುಕಿ ತಿರುಗಿಸಿದರು. ಆ ಕಡೆಗೆ, ಮತ್ತೆ ಈ ಕಡೆಗೆ.

"ಬೆಣ್ಣೆಯ ಹಾಗೆ ತಿರುಗುತ್ತೆ," ಎಂದರು. "ಬೇಸಿಗೆಯಿಂದ ಹೊಸ ಡಾಕ್ಟರ ಔಷಧ ಕುಡೀತಿದೀನಿ ನೋಡಿ. ಕೈ ಗುಣ ಆಗ್ತಿದೆ ಅಂದ್ಕೊಂಡಿದ್ದೆ."

ನಾನು ಬಾಯಿ ತೆರೆದೆ.

"ಯಾರು ಅಂತ ಹೇಳಬೇಡಿ, ಮಿಸ್ ಪೆಥರಿಕ್. ನೀವು ಹೇಳಿದರೆ ನನಗೆ ಗೊತ್ತಿದೆ ಅಂತ ಆಗುತ್ತೆ."

ಗುರುವಾರದ ಸಭೆಯಲ್ಲಿ ನಾನು ಬಾಲ್ಕನಿಯ ಹೆಂಗಸರ ಬೆಂಚಿನಲ್ಲಿದ್ದೆ. ಟಿಬಲ್ ಭಾನುವಾರದ ಕೋಟು ಹಾಕಿಕೊಂಡು ವೇದಿಕೆಯ ಮೇಲೆ, ವಿದ್ಯುತ್ ಗುಂಡಿಯ ಪಕ್ಕದಲ್ಲಿ ನಿಂತಿದ್ದ. ತಲೆಗೂದಲಿಗೆ ನೀರು ಹಚ್ಚಿ ಬಾಚಿದ್ದ. ದೀಪಗಳನ್ನು ತಗ್ಗಿಸಿದರು, ಕೊಳವೆ ಹೊತ್ತಿಕೊಂಡಿತು, ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಅದು ನಿಲ್ಲುವವರೆಗೆ ಕಿನ್ಲಾಕ್ ಕಾದರು.

"ಮಹನೀಯರೇ, ನೀವು ನೋಡುತ್ತಿರುವುದು ಡೆಸ್ಮಾನ್ ಅಲ್ಲ. ಈ ಕೊಳವೆ ಖಾಲಿ. ಇದು ನನ್ನ ಪಂಪಿನ ಎಣ್ಣೆ. ನನ್ನ ಬೆರಳುಗಳು ನೋಯುತ್ತವೆಂದು ನಾನೇ ಗ್ರೀಸನ್ನು ಮೆದು ಮಾಡಿಸಿದೆ. ಖಾಲಿ ಕೊಳವೆಯನ್ನು ನಾನೇ ನೋಡಬೇಕಿತ್ತು. ನೋಡದೆ, ಒಬ್ಬ ಯುವ ಸಹಾಯಕಿಯ ಹೆಸರನ್ನು ನನಗೆ ಗುರಾಣಿ ಮಾಡಿಕೊಂಡೆ. ಅವರೇ ಈಗ ತಪ್ಪನ್ನು ಕಂಡುಹಿಡಿದು ನನಗೆ ಹೇಳಿದರು. ಜರ್ಮನಿಯ ಮಹನೀಯರ ಕ್ಷಮೆ ಕೇಳುತ್ತೇನೆ. ಅಂಥ ಧಾತು ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ, "ಆ ಎಣ್ಣೆ ಮೀನು ಹುರಿಯೋಕೆ ಆಗುತ್ತಾ ಕೇಳಿ," ಎಂದರು. ನಗು ಮುಂದಿನ ಸಾಲಿನವರೆಗೂ ಬಂತು. ನಾನು ಟಿಬಲ್‌ನನ್ನು ನೋಡುತ್ತಿದ್ದೆ. ಕೊಳವೆಯ ಬೆಳಕಿನಲ್ಲಿ ಆತನ ಮುಖ ಹಸಿರಾಗಿತ್ತು. ಗುಂಡಿ ಆರಿಸಬೇಕೆಂಬುದೂ ಆತನಿಗೆ ಮರೆತುಹೋಗಿತ್ತು. ಕಿನ್ಲಾಕ್ ಅವರೇ ಹೋಗಿ, ಆತನ ಕೈಯ ಮೇಲೆ ಕೈಯಿಟ್ಟು, ಜೊತೆಯಾಗಿ ಆರಿಸಿದರು.

ಶುಕ್ರವಾರ ನಾನು ಇಳಿದು ಬರುವ ಹೊತ್ತಿಗೆ ಟಿಬಲ್ ಎಲ್ಲ ನಲ್ಲಿಗಳನ್ನೂ ಬಿಚ್ಚಿ, ತಿಕ್ಕಿ ತೊಳೆದು, ಹಳೆಯ ಗಟ್ಟಿ ಗ್ರೀಸನ್ನೇ ಹಚ್ಚಿಟ್ಟಿದ್ದ. ಆತನ ಕಣ್ಣುಗಳು ಕೆಂಪಾಗಿದ್ದವು. ನನ್ನ ಮೇಜಿನ ಕೆಳಗೆ ಇಟ್ಟಿಗೆ ಎಂದಿನಂತೆ ಬಿಸಿಯಾಗಿತ್ತು.

"ನೀವು ಯಜಮಾನ್ರಿಗೆ ನನ್ನ ಹೆಸರು ಹೇಳಿದ್ರಾ ಮಿಸ್?"

"ಇಲ್ಲ."

"ಹೇಳಬೇಕಿತ್ತು," ಎಂದ. "ಬೈಸ್ಕೊಂಡಿದ್ರೆ ಹಗುರಾಗ್ತಿತ್ತು."

ಹತ್ತು ಗಂಟೆಗೆ ಕಿನ್ಲಾಕ್ ಬಂದು, ಹೊಸದಾಗಿ ಶುರುಮಾಡೋಣ ಎಂದರು. ಕೋಟು ತೆಗೆದು ಪಂಪಿನ ಮುಂದೆ ನಿಂತು ಮೊದಲ ನಲ್ಲಿಗೆ ಕೈ ಹಾಕಿದರು. ನಲ್ಲಿ ಅಲುಗಲಿಲ್ಲ. ಎರಡೂ ಕೈ ಹಾಕಿದರು. ಟಿಬಲ್ ಒಲೆಯ ಕಡೆ ತಿರುಗಿಕೊಂಡ. ಆತನ ಕೈ ಗಾಜು ಊದಿ ಊದಿ ಸುಟ್ಟು ದಡ್ಡುಗಟ್ಟಿದ್ದು. ಆ ತೆಳು ನಲ್ಲಿಗಳನ್ನು ಕೂದಲೆಳೆಯಷ್ಟು ತಿರುಗಿಸುವುದು ಅದಕ್ಕೆ ಆಗದು. ಯಾರೂ ನನ್ನನ್ನು ನೋಡಲಿಲ್ಲ. ಯಾರೂ ಏನೂ ಕೇಳಲಿಲ್ಲ. ಕಿನ್ಲಾಕ್ ನಿಧಾನವಾಗಿ ಗೋಡೆಯ ಕಡೆಗೆ ಮುಖ ತಿರುಗಿಸತೊಡಗಿದರು.

ನಾನು ಎದ್ದು ಹೋಗಿ ನಲ್ಲಿ ತಿರುಗಿಸಿದೆ.

ಉತ್ತರದ ಕಾಲೇಜಿನ ಕೊಡುಗೆ ಹಾಗೇ ಇತ್ತು. ಸಭೆಯ ವರದಿ ಓದಿದ ಮೇಲೆ ಅವರಿಗೆ ನನ್ನ ಮೇಲೆ ಇನ್ನೂ ಹೆಚ್ಚು ಗೌರವ ಬಂದಿತ್ತು, ಅದೂ ನನ್ನ ಪಾಲಿಗೆ ಬಂದ ಸುಳ್ಳೇ; ನಾನು ನೋಡದೆ ಬರೆದದ್ದು ವರದಿಯಲ್ಲಿರಲಿಲ್ಲ. ಕ್ರಿಸ್‌ಮಸ್ಸಿಗೆ ಮೊದಲು ಅವರಿಗೆ ಕ್ಷಮಿಸಿ, ಬರಲಾರೆ ಎಂದು ಬರೆದೆ. ಒಂದು ವರ್ಷದ ಮಟ್ಟಿಗೆ ಎಂದುಕೊಂಡಿದ್ದೆ. ಆ ನಲ್ಲಿಗಳನ್ನು ಹನ್ನೊಂದು ವರ್ಷ ತಿರುಗಿಸಿದೆ. ಅವರಿಬ್ಬರಲ್ಲಿ ಒಬ್ಬರಾದರೂ 'ಇರು' ಎಂದಿದ್ದರೆ ಜಗಳವಾಡಿ ಹೋಗಿಬಿಡುತ್ತಿದ್ದೆ. ಅಷ್ಟು ಒಳ್ಳೆಯ ಜನರ ನಡುವಿನಿಂದ ಎದ್ದು ಹೋಗುವ ದಾರಿ ನನಗೆ ಗೊತ್ತಾಗಲಿಲ್ಲ. ಮೂರನೆಯ ಅನಿಲ ಸಿಗಲಿಲ್ಲ. ಕಿಟಕಿಗಳ ಕಪ್ಪು ಬಣ್ಣ ಅಲ್ಲಲ್ಲಿ ಕಿತ್ತುಬಂದಾಗ ಟಿಬಲ್ ಮತ್ತೆ ಬಳಿಯುತ್ತಿದ್ದ. ಪ್ರತಿದಿನ ಖಾಲಿ ಕೊಳವೆಯನ್ನು ನೋಡಿ, ಕಣ್ಣುಜ್ಜಿ, ಇನ್ನೊಮ್ಮೆ ನೋಡಿ, 'ಏನೂ ಇಲ್ಲ' ಎಂದು ಬರೆಯುತ್ತಿದ್ದೆ.

ಕೊನೆಯ ಚಳಿಗಾಲದಲ್ಲಿ ಕಿನ್ಲಾಕ್ ಅವರು ಕುರ್ಚಿಯಲ್ಲಿ ಕೂತೇ ಕೆಲಸ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಪಾದರಸ ಅಲುಗಿತು. ಮೇಲೆ ಭಾರದ ಗಾಡಿಯೇನೋ ಹೋಯಿತು. ಅದು ಶಾಂತವಾಗುವವರೆಗೆ ಇಬ್ಬರೂ ನೋಡುತ್ತಿದ್ದೆವು.

"ನೀವು ಆಗಲೇ ಹೋಗಬಹುದಿತ್ತು, ಮಿಸ್ ಪೆಥರಿಕ್," ಎಂದರು. "ಕಿಟಕಿ ಎಷ್ಟಿದ್ವು ಅಲ್ಲಿ?"

ನಾನು ಅವರಿಗೆ ಆ ಪತ್ರದ ಬಗ್ಗೆ ಯಾವತ್ತೂ ಹೇಳಿರಲಿಲ್ಲ; ಕಾಲೇಜಿನವರು ಆಗಲೇ ಅವರನ್ನೂ ವಿಚಾರಿಸಿ ಬರೆದಿದ್ದಿರಬೇಕು.

"ಆರು, ಸರ್," ಎಂದೆ. "ನಲ್ಲಿ ತೆರೆಯಲೇ?"